ಮೊಳೆ ಇಲ್ಲದ ಹಡಗು: ಆರನೇ ವಾರ

ಈ ವಾರ ಕೆಲಸ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಹೋಯಿತು. ಕಷ್ಟಪಟ್ಟು ಕೂರಿಸಿದ್ದ ಹನ್ನೊಂದು ಪಕ್ಕೆಮರಗಳನ್ನೂ (ಹಡಗಿನ ಒಳಗೆ ಪಕ್ಕೆಲುಬಿನಂತೆ ನಿಲ್ಲುವ ಬಾಗಿದ ಮರಗಳು) ಕಿತ್ತುಹಾಕಿದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಮಾಡುತ್ತಿರುವುದು 9ನೇ ಶತಮಾನದ ಅರಬ್ ವ್ಯಾಪಾರಿ ಹಡಗಿನ ಮಾದರಿ. ಮುಳುಗಿದ್ದ ಆ ಹಡಗು 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಸಿಕ್ಕಿತು. ಅದನ್ನೇ ಆಧಾರವಾಗಿಟ್ಟುಕೊಂಡು ಒಮಾನಿನಲ್ಲಿ 'ಜ್ಯುವೆಲ್ ಆಫ್ ಮಸ್ಕತ್' ಎಂಬ ಹಡಗು ಕಟ್ಟಿದರು. 2010ರಲ್ಲಿ ಅದು ಹಾಯಿ ಬಿಚ್ಚಿ ಸಿಂಗಾಪುರದವರೆಗೂ ಹೋಯಿತು. ಅದರ ಉದ್ದ 18 ಮೀಟರ್. ನನ್ನದು ಅದರ 36ರಲ್ಲಿ ಒಂದು ಪಾಲು, ಅಂದರೆ ಅರ್ಧ ಮೀಟರ್. ಊಟದ ಮೇಜಿನ ಮೇಲೆ ಅದಕ್ಕಿಂತ ಜಾಸ್ತಿ ಜಾಗ ನನಗೆ ಸಿಕ್ಕಿಲ್ಲ.

ಎಡವಟ್ಟಾಗಿದ್ದು ಹಳೇ ಅಭ್ಯಾಸದಿಂದ. ಹಿಂದೆ ಎರಡು ಯುರೋಪಿನ ಹಡಗುಗಳ ಕಿಟ್ ಜೋಡಿಸಿದ್ದೆ. ಅಲ್ಲಿ ಮೊದಲು ಪಕ್ಕೆಮರಗಳು ನಿಲ್ಲುತ್ತವೆ, ಅವುಗಳ ಮೇಲೆ ಹಲಗೆ ಹೊಡೆಯುತ್ತೇವೆ. ಇಲ್ಲಿ ಎಲ್ಲ ತಿರುಗುಮುರುಗು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಒಳಗೊಬ್ಬ, ಹೊರಗೊಬ್ಬ ಕೂತು ಹಗ್ಗ ಎಳೆಯಬೇಕು. ಹೊಲಿಗೆ ಸಂದಿಯ ಉದ್ದಕ್ಕೂ ಸಾಗುತ್ತದೆ. ಅಡ್ಡಕ್ಕೆ ಪಕ್ಕೆಮರ ನಿಂತಿದ್ದರೆ ಸೂಜಿ ತೂರುವುದಾದರೂ ಎಲ್ಲಿಂದ? ಹೊರಮೈ ಎದ್ದ ಮೇಲೆ ಪಕ್ಕೆಮರ ಒಳಗಿಳಿಸಿ, ಅದನ್ನೂ ಹೊಲಿದು ಬಿಗಿಯುತ್ತಾರೆ. ಇದನ್ನು ಓದಿದ್ದೆ. ಆದರೂ ಕೈ ಕೇಳಲಿಲ್ಲ ನೋಡಿ.

ಈಗ ದಾರದ ಕಥೆ. ಹತ್ತಿ ದಾರ ಎಳೆದಷ್ಟೂ ಹಿಗ್ಗಿತು, ಮರುದಿನ ಸಡಿಲವಾಗಿತ್ತು. ನೈಲಾನ್ ಹಾಕಲು ಮನಸ್ಸಾಗಲಿಲ್ಲ. ಕೊನೆಗೆ ಬಾಗಿಲಿನ ಹಳೇ ಕಾಲೊರೆಸಿನಿಂದ ತೆಂಗಿನ ನಾರು ಬಿಡಿಸಿದೆ. ಈ ಅಳತೆಗೆ ಒಂದು ಎಳೆಯೇ ಒಂದು ಹಗ್ಗ! ಒಣಗಿದ್ದಾಗ ಲಟಕ್ಕನೆ ಮುರಿಯುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಹೇಳಿದ ಹಾಗೆ ಬಾಗುತ್ತದೆ. ಎಳೆ ಗಿಡ್ಡ, ಹಾಗಾಗಿ ಗಂಟು ಜಾಸ್ತಿ. ತೂತು ಕೊರೆಯಲು 0.8 ಮಿ.ಮೀ. ಡ್ರಿಲ್ ಬಿಟ್. ಇಲ್ಲಿಯವರೆಗೆ ನಾಲ್ಕು ಮುರಿದಿವೆ.

ನಮ್ಮ ಹೊನ್ನಾವರಕ್ಕೂ ಬಂದು ಹೋದ 14ನೇ ಶತಮಾನದ ಮೊರಾಕೊ ಪ್ರವಾಸಿ ಇಬ್ನ್ ಬತೂತ ಈ ಹೊಲಿಗೆಯ ಬಗ್ಗೆ ಬರೆದಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎನ್ನುತ್ತಾನೆ. ಹೊಲಿದ ಎರಡು ಹಲಗೆಗಳನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿದೆ. ನಿಜವಾಗಿಯೂ ಬಳುಕುತ್ತವೆ.

ಸರಕನ್ನೂ ಮಾಡುವ ಆಸೆ ಇದೆ. ಬೆಲಿಟುಂಗ್ ಹಡಗಿನಲ್ಲಿ ಸುಮಾರು 60,000 ಚೀನೀ ಪಿಂಗಾಣಿ ಸಾಮಾನುಗಳಿದ್ದವು. ಹೆಚ್ಚಿನವು ಚೀನಾದ ಚಾಂಗ್ಶಾ ಕಡೆಯ ಬಟ್ಟಲುಗಳು. ಒಂದು ಬಟ್ಟಲ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ತಾರೀಖೇ ಇದೆ. ದೊಡ್ಡ ಜಾಡಿಗಳ ಒಳಗೆ ಬಟ್ಟಲುಗಳನ್ನು ಸುರುಳಿಯಾಗಿ ಜೋಡಿಸಿದ್ದರಂತೆ. ನಾನು ಬಟ್ಟಲು ಮಾಡಲಾರೆ. ಜೇಡಿಮಣ್ಣಿನಲ್ಲಿ ಹತ್ತು ಜಾಡಿ ಮಾಡಿ, ಬಾಯಿ ಮುಚ್ಚಿಬಿಡುತ್ತೇನೆ. ಒಳಗೆ ಏನಿದೆ ಅಂತ ಯಾರು ಕೇಳುತ್ತಾರೆ, ಅಲ್ವಾ?

ಇಂಥ ಹಡಗುಗಳ ತಳಕ್ಕೆ ಹುಳ ಹಿಡಿಯದಿರಲಿ ಅಂತ ಸುಣ್ಣಕ್ಕೆ ಆಡಿನ ಕೊಬ್ಬು ಕಲಸಿ ಬಳಿಯುತ್ತಿದ್ದರು. ಅದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿಲ್ಲ. ಬಿಳಿ ಬಣ್ಣ ಸಾಕಂತೆ.

ಸದ್ಯ ಎರಡನೇ ಹಲಗೆಯಲ್ಲಿ 41 ಹೊಲಿಗೆ ಆಗಿದೆ. ಇವತ್ತು ರಾತ್ರಿಗೆ ಇನ್ನೊಂದು ಹಿಡಿ ನಾರು ನೆನೆಹಾಕಿದ್ದೇನೆ.