ನಾರ್ವೆಯವರ ‘ಕಾರ್ಟ್’

ಓಸ್ಲೋಗೆ ಬಂದ ಮೇಲೆ ನನ್ನ ಬಾಯಿಗೆ ಬೇಗ ಹತ್ತಿದ ಪದ ‘ಕಾರ್ಟ್’. ನಕ್ಷೆ ಅಂತ ಅರ್ಥ. ಬರಹದಲ್ಲಿ ರ, ಟ ಎರಡೂ ಇವೆ. ಆದರೆ ಓಸ್ಲೋದವರು ಅಂದಾಗ ಎರಡೂ ಬೆರೆತು ನಮ್ಮ ಟಕಾರವೇ ಕೇಳಿಸುತ್ತದೆ, ನಾಲಿಗೆ ಮಡಚಿ ಆಡುವ ಟ. ಕನ್ನಡದವರಿಗೆ ಇದು ಸಲೀಸು. ಬರ್ಗೆನ್ ಕಡೆಯವರು ರಕಾರವನ್ನು ಗಂಟಲಿಂದ ಎಳೆಯುತ್ತಾರೆ, ಅಲ್ಲಿ ಈ ಟ ಸಿಗುವುದಿಲ್ಲ.

ಗ್ರೀಕರು ಪಪೈರಸ್ ಹಾಳೆಗೆ ‘ಖಾರ್ತೆಸ್’ ಅನ್ನುತ್ತಿದ್ದರು. ಅದು ಲ್ಯಾಟಿನ್‌ಗೆ ಹೋಗಿ, ಜರ್ಮನ್ ದಾಟಿ ಇಲ್ಲಿಗೆ ಬಂತು. ನಾವು ದಿನವೂ ಆಡುವ ಕಾರ್ಡು, ಚಾರ್ಟು ಕೂಡ ಅದೇ ಮನೆತನದವು. ಡೇನಿಶ್‌ನಲ್ಲಿ ನಕ್ಷೆಗೂ ಇಸ್ಪೀಟೆಲೆಗೂ ಒಂದೇ ಪದ, ‘ಕೊರ್ಟ್’. ನಾರ್ವೆಯವರು ಅದನ್ನು ಇಸ್ಪೀಟಿಗೆ, ಬ್ಯಾಂಕ್ ಕಾರ್ಡಿಗೆ ಬಿಟ್ಟು ನಕ್ಷೆಗೆ ಕಾರ್ಟ್ ಇಟ್ಟುಕೊಂಡರು. ನಮ್ಮ ಭೂಪಟದ ‘ಪಟ’ ಅಂದರೆ ಬಟ್ಟೆ, ಅಲ್ವಾ? ಇವರದ್ದು ಹಾಳೆ.

ಬೆಟ್ಟ ಹತ್ತುವವರ ನಕ್ಷೆ ‘ಟೂರ್‌ಕಾರ್ಟ್’. ಸಾಮಾನ್ಯವಾಗಿ 1:50,000 ಅಳತೆ, ಅಂದರೆ ಒಂದು ಕಿಲೋಮೀಟರ್‌ಗೆ 2 ಸೆಂಟಿಮೀಟರ್. ಯೋಟುನ್‌ಹೈಮೆನ್ ಬೆಟ್ಟಗಳ ಹಾಳೆ ನನಗೆ ತುಂಬಾ ಪ್ರೀತಿ. ಅದರಲ್ಲಿ ಬೆಸ್ಸೆಗ್ಗೆನ್ ಏಣಿನ ಹತ್ತಿರ ಎರಡು ನೀಲಿ ಸರೋವರಗಳಿವೆ. ನಡುವೆ ಒಂದು ಬೆರಳಗಲದ ಜಾಗವೂ ಇಲ್ಲ. ಒಂದರ ಮೇಲೆ 984 ಅಂತ ಬರೆದಿದೆ, ಇನ್ನೊಂದರ ಮೇಲೆ 1373. ಸಮುದ್ರಮಟ್ಟದಿಂದ ಅಷ್ಟು ಮೀಟರ್ ಎತ್ತರ. ಪಕ್ಕಪಕ್ಕದ ನೀರಿಗೆ 389 ಮೀಟರ್ ವ್ಯತ್ಯಾಸ! ಅಲ್ಲಿ ಎತ್ತರ ತೋರಿಸುವ ಕಂದು ಗೆರೆಗಳು ಒತ್ತೊತ್ತಾಗಿ ಸೇರಿ ಬರೀ ಕಂದು ಪಟ್ಟಿಯಂತೆ ಕಾಣುತ್ತವೆ. ಹತ್ತುವ ಮೊದಲೇ ಕಾಲಿಗೆ ವಿಷಯ ತಿಳಿಯುತ್ತದೆ.

ಈ ಹಾಳೆಗಳ ಹಿಂದಿರುವುದು ‘ಕಾರ್ಟ್‌ವರ್ಕೆ’ ಅನ್ನುವ ಸರ್ಕಾರಿ ಸಂಸ್ಥೆ. ಸ್ವೀಡನ್ ಗಡಿಯ ಕಡೆ ಸೈನ್ಯಕ್ಕೆ ನಕ್ಷೆ ಬೇಕಾಗಿ 1773ರಲ್ಲಿ ಶುರುವಾಯಿತು. 2013ರಲ್ಲಿ ನಕ್ಷೆಗಳ ದತ್ತಾಂಶವನ್ನು ಎಲ್ಲರಿಗೂ ಉಚಿತ ಮಾಡಿದರು. ಎಷ್ಟು ಒಳ್ಳೆ ಕೆಲಸ! ಬೆಟ್ಟದಲ್ಲಿ ಸುರಕ್ಷಿತವಾಗಿರಲು ಇಲ್ಲಿ ಎಲ್ಲರಿಗೂ ಹೇಳಿಕೊಡುವ ನಿಯಮಗಳಲ್ಲೂ ಒಂದು ಹೀಗಿದೆ: ಕಾರ್ಟ್ ಮತ್ತು ದಿಕ್ಸೂಚಿ ಬಳಸಿ, ಎಲ್ಲಿದ್ದೀರಿ ಅನ್ನುವುದು ಸದಾ ಗೊತ್ತಿರಲಿ. ಫೋನ್ ಚಳಿಗೆ ಆರಿ ಹೋದರೂ ಹಾಳೆ ಆರುವುದಿಲ್ಲ.

ಇನ್ನೊಂದು ‘ಕಾರ್ಟ್’ ಇದೆ, ನಕ್ಷೆಗೂ ಅದಕ್ಕೂ ನಂಟಿಲ್ಲ. ಹಣ್ಣಾಗದ ಕಾಯಿಗೆ ಹಾಗನ್ನುತ್ತಾರೆ. ಜೌಗು ನೆಲದಲ್ಲಿ ಬೆಳೆಯುವ ಮುಲ್ತೆ ಹಣ್ಣು ಕಾಯಿದ್ದಾಗ ಕೆಂಪು, ಹಣ್ಣಾದರೆ ಜೇನಿನ ಬಣ್ಣ. ಬೇಸಿಗೆಯಲ್ಲಿ ಈ ಕಡೆ ಬಂದರೆ, ಕೆಂಪಗಿದೆ ಅಂತ ಸುಮ್ನೆ ಕೀಳಬೇಡಿ.