ಅಜ್ಜನ ದಾರಿಯಲ್ಲಿ ಬನಶಂಕರಿ ಜಾತ್ರೆಗೆ

ನಮ್ಮ ಅಜ್ಜ ಗುಳೇದಗುಡ್ಡದಲ್ಲಿ ಖಣ, ಅಂದರೆ ಕುಬಸದ ಬಟ್ಟೆ ನೇಯುತ್ತಿದ್ದ. ನಸುಕಿನಲ್ಲಿ ಕುಣಿಮಗ್ಗಕ್ಕೆ ಕಾಲಿಳಿಸಿ ಕೂತರೆ ಊಟದ ಹೊತ್ತಿಗೇ ಏಳುವುದು. ನೇಯ್ದದ್ದೆಲ್ಲ ಸಾವುಕಾರರ ಅಂಗಡಿ ಸೇರುತ್ತಿತ್ತು. ಜಾತ್ರೆ ನಡೆಯುವ ಬನದ ಹುಣ್ಣಿಮೆಯ (ಪುಷ್ಯ ಮಾಸದ್ದು) ಮುಂಚೆ ಮಾತ್ರ ಮಗ್ಗಕ್ಕೆ ಹೊಸ ಹಾಸಿನ ಎಳೆ ಏರಿಸಿ, ಜಳಕ ಮಾಡಿ ಕೂತು, ಅದರ ಮೊದಲನೆಯ ಖಣವನ್ನು ಬೇರೆ ತೆಗೆದಿಡುತ್ತಿದ್ದ. ಹಸಿರು ಮೈ, ಕೆಂಪು ದಡಿ, ಒಡಲ ತುಂಬ ತೇರಿನ ಚಿತ್ತಾರ. ಅದು ಬಾದಾಮಿ ಬನಶಂಕರಿಗೆ. ನೇಕಾರ ಸಮುದಾಯವಾದ ದೇವಾಂಗದವರಾದ ನಮಗೆ ಅಕಿಯೇ ಮನೆದೇವರು.

‘ದೇವಿಗೆ ಏನ್ ಬೇಡಕೊಂಡಿ ಯಜ್ಜಾ?’ ಎಂದು ಸಣ್ಣವನಿದ್ದಾಗ ಕೇಳಿದ್ದೆ. ‘ಬೇಡಾಕ ಹೋಗೂದಲ್ಲೋ ತಮ್ಮಾ. ವರ್ಷ ಪೂರ್ತಿ ಏನ್ ದುಡದೇವಿ ಅನ್ನೂದ ಅಕಿಗೆ ತೋರಿಸಿ ಬರೂದು’ ಅಂದಿದ್ದ.

ಅಜ್ಜ ಹೋದ ಮೇಲೆ ನಮ್ಮ ಮನೆಯ ಮಗ್ಗ ನಿಂತಿತು. ಕಾಕಾ ನೌಕರಿ ಹಿಡಿದಿದ್ದರು, ನಾವೆಲ್ಲ ಹುಬ್ಬಳ್ಳಿ ಸೇರಿದ್ದೆವು. ದೇವಿಗೆ ಪ್ಯಾಟಿಯಿಂದ ಕೊಂಡ ಖಣ ಹೋಗತೊಡಗಿತು. ಈ ಸಲ ಹಾಗಾಗಬಾರದೆಂದು ಕಾಕಾ, ಅತ್ತಿ, ನಾನು ಮೊದಲು ಗುಳೇದಗುಡ್ಡಕ್ಕೇ ಹೋದೆವು.

ಓಣಿಯಲ್ಲಿ ಈಗ ಕೈಮಗ್ಗದ ಸಪ್ಪಳ ಕೇಳುವುದು ಅಲ್ಲೊಂದು ಇಲ್ಲೊಂದು ಮನೆಯಲ್ಲಿ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯ ಎದುರು ಕೈಯಿಂದ ನೇಯ್ದ ಖಣ ಸೋತಿದೆ. ಇಡೀ ದಿನ ಕೂತವನಿಗೆ ಸಿಗುವ ಕೂಲಿ ನೋಡಿದರೆ ಮಕ್ಕಳು ಬೇರೆ ಕೆಲಸ ಹುಡುಕಿದ್ದರಲ್ಲಿ ತಪ್ಪಿಲ್ಲ. ಅಜ್ಜನ ಜೋಡಿ ದುಡಿದ ಹಿರಿಯರೊಬ್ಬರು ಮೊದಲೇ ಹೇಳಿದ್ದಕ್ಕೆ ದೇವಿಯ ಖಣ ಮಗ್ಗಕ್ಕೆ ಹಾಕಿದ್ದರು. ಆದರೆ ಮುಗಿಸಿರಲಿಲ್ಲ. ‘ಕಡೀ ಗೇಣು ನಿಮ್ಮ ಮನೀ ಕೈಲೇ ಆಗಬೇಕು, ಬಾರೋ’ ಎಂದು ಕಾಕಾನನ್ನು ಕರೆದರು.

ಕಾಕಾ ಪ್ಯಾಂಟು ಮಡಚಿ ಕುಣಿಗೆ ಇಳಿದರು. ಮೊದಲಿಗೆ ನಿಧಾನ. ಆಮೇಲೆ ಬಲಗಾಲು ಒತ್ತಿದಾಗ ಎಳೆಗಳು ಬಾಯಿ ತೆರೆದವು, ಲಾಳಿ ಈ ದಂಡೆಯಿಂದ ಆ ದಂಡೆಗೆ ಹರಿಯಿತು, ಹಣಿಗೆಯ ಪೆಟ್ಟು ಬಿತ್ತು. ಒಂದೊಂದು ಪೆಟ್ಟಿಗೂ ಒಂದೊಂದು ಎಳೆಯಷ್ಟೇ ಬಟ್ಟೆ ಬೆಳೆಯುವುದು. ತೇರಿನ ಕಳಸ ಮೂಡುವಷ್ಟರಲ್ಲಿ ಕಾಕಾನ ಅಂಗಿ ಬೆನ್ನಿಗೆ ಅಂಟಿತ್ತು. ಗೋಣು ಸ್ವಲ್ಪ ಎಡಕ್ಕೆ ವಾಲಿಸಿ, ತುಟಿ ಬಿಗಿಹಿಡಿದು ಕೂತ ರೀತಿ ಅಜ್ಜನದೇ. ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುಳೇದಗುಡ್ಡದಿಂದ ಬಾದಾಮಿ 20 ಕಿ.ಮೀ.ಗೂ ಹೆಚ್ಚು. ಅಜ್ಜ ವಯಸ್ಸಿನಲ್ಲಿದ್ದಾಗ ನಡೆದೇ ಹೋಗುತ್ತಿದ್ದನಂತೆ, ಹೆಂಗಸರು ಮಕ್ಕಳು ಚಕ್ಕಡಿಯಲ್ಲಿ. ನಾವು ಬಸ್ಸಿನಲ್ಲಿ ಬಾದಾಮಿಯ ಕೆಂಪು ಬಂಡೆಗಳನ್ನು ದಾಟಿ, ಮತ್ತೆ 5 ಕಿ.ಮೀ. ಹೋಗಿ ಚೊಳಚಗುಡ್ಡದ ಹತ್ತಿರ ಇಳಿದೆವು.

ಹಿಂದಿನ ದಿನವಷ್ಟೇ ಪಲ್ಲೇದ ಹಬ್ಬ ಆಗಿತ್ತು. ಬನಶಂಕರಿ ಶಾಕಂಬರಿ, ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಲೋಕವನ್ನು ಉಳಿಸಿದವಳು. ಅದಕ್ಕೇ ಅಕಿಗೆ ಅಂದು 108 ಬಗೆಯ ಪಲ್ಯದ ನೈವೇದ್ಯ. ಗುಡಿಯ ಮುಂದೆ ಹರಿದ್ರಾತೀರ್ಥ, ಅಂಚಿಗೆ ಸಾಲು ಕಲ್ಲುಮಂಟಪ. ಹರಕೆ ಹೊತ್ತವರು ಬಾಳೆದಿಂಡಿನ ತೆಪ್ಪದ ಮೇಲೆ ಹಸುಗೂಸುಗಳನ್ನಿಟ್ಟು ಈ ಹೊಂಡದಲ್ಲಿ ತೇಲಿಸುವುದುಂಟು. ‘ನಿಮ್ಮಪ್ಪನ್ನೂ ಇಲ್ಲೇ ತೇಲಿಸಿದ್ರು. ಅಜ್ಜ ಎದಿಮಟ ನೀರಾಗ ನಿಂತು ತೆಪ್ಪ ಹಿಡಕೊಂಡಿದ್ನಂತ, ಬಿಡವಲ್ಲ’ ಎಂದಳು ಅತ್ತಿ. ಯಾವುದಕ್ಕೂ ಅಂಜದ ಅಜ್ಜ ಅಂದು ಅಂಜಿದ್ದು ನನಗೆ ತೀರಾ ಹೊಸ ಸುದ್ದಿ. ಆ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತೆ.

ಪಾಳಿ ಹಚ್ಚಿ ಒಳಗೆ ಹೋದಾಗ ಸಿಂಹದ ಮೇಲೆ ಕೂತ ಎಂಟು ಕೈಯ ಕರಿಕಲ್ಲಿನ ತಾಯಿ ಕಂಡದ್ದು ಅರೆಗಳಿಗೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಬೇರು ಇಟ್ಟು, ಮೇಲೆ ಖಣ ಇಟ್ಟು ಅತ್ತಿ ಉಡಿ ತುಂಬಿದಳು. ಕಾಕಾ ಕೈಮುಗಿದು, ‘ಈ ಸಲ ಒಂದ ಗೇಣು ಅಷ್ಟ ತಾಯಿ’ ಅಂದರು.

ಹೊರಗೆ ಬುಟ್ಟಿ ಇಟ್ಟುಕೊಂಡ ಅಜ್ಜಿಯರು ‘ಬರ್ರಿ ಯಪ್ಪಾ, ರೊಟ್ಟಿ ಉಣಬರ್ರಿ’ ಎಂದು ಕರೆಯುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಿಟ್ಟಿನ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಇಲ್ಲಿ ಉಣ್ಣದೆ ಹೊರಟರೆ ಜಾತ್ರೆ ಮಾಡಿದಂತಲ್ಲ ಎನ್ನುವುದು ಅಜ್ಜನ ಖಾಯಂ ಮಾತು, ನನ್ನ ಮಾತೂ ಅದೇ. ಸಂಜೆ ತೇರು ಎಳೆದರು. ಅದರ ಹಗ್ಗ ಮಾಡಲಗೇರಿ ಊರಿನಿಂದ ಹಳಿಬಂಡಿಯಲ್ಲಿ (ಎತ್ತಿನ ಗಾಡಿ) ಬರುವ ಪದ್ಧತಿ ಇಂದಿಗೂ ಉಳಿದಿದೆ. ಜನ ಎಸೆದ ಉತ್ತತ್ತಿ ಒಂದು ನನ್ನ ಹೆಗಲಿಗೇ ಬಿತ್ತು.

ರಾತ್ರಿ ನಾಟಕ. ಈ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಕಂಪನಿಗಳು ಬೀಡು ಬಿಡುತ್ತವೆ. ಕಂಪನಿ ನಾಟಕದ ಹೆಸರಾಂತ ನಟ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರ ನೋಡಿದ್ದನ್ನು ಅಜ್ಜ ಕಡೆತನಕ ಹೇಳುತ್ತಿದ್ದ. ಅವರು ರಂಗದ ಮೇಲೆ ಬಂದಾಗ ತಾನು ಕೂತಲ್ಲೇ ಕೈಮುಗಿದಿದ್ದನಂತೆ. ನಾವು ನೋಡಿದ್ದು ಹಾಸ್ಯದ ನಾಟಕ. ಅತ್ತಿ ಬಿದ್ದು ಬಿದ್ದು ನಕ್ಕಳು.

ಆಟ ಬಿಟ್ಟಾಗ ನಡುರಾತ್ರಿ ದಾಟಿತ್ತು. ಬಾಗಿಲು ಚೌಕಟ್ಟು ಮಾರುವವರ ಸಾಲಿನಲ್ಲಿ ಇನ್ನೂ ದೀಪ ಉರಿಯುತ್ತಿದ್ದವು. ಅಜ್ಜ ತನ್ನ ಮನೆಗೆ ತಲಬಾಗಿಲು ಒಯ್ದದ್ದು ಈ ಜಾತ್ರೆಯಿಂದಲೇ. ಕಾಕಾ ಒಂದು ಚೌಕಟ್ಟಿನ ಕೆತ್ತನೆ ಸವರಿ ನೋಡಿ ದರ ಕೇಳಿದರು. ಮನೆ ಕಟ್ಟಿಸುತ್ತಿರುವುದು ನಾನು. ಚೌಕಾಸಿ ಪೂರ್ತಿ ಅತ್ತಿಯದು.