ಬಹಮನಿಗಿಂತ ಆರು ವರ್ಷ ಹಿರಿಯರು

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಉರ್ದು ಕಾಗದವಿದೆ. ಮಡಚಿದಲ್ಲೆಲ್ಲ ಹರಿದಿದೆ. ಓದಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಅಪ್ಪನಿಗೆ ಉರ್ದು ಅಂಕಿ ಮಾತ್ರ ಗೊತ್ತು. ಅಜ್ಜ ತೀರಿಕೊಂಡಾಗ ಅಪ್ಪನಿಗೆ ಹತ್ತು ವರ್ಷ, ಅಷ್ಟರಲ್ಲಿ ಕಲಿಸಿದ್ದು ಅಷ್ಟೇ. ಕಾಗದದ ಮೇಲ್ಗಡೆ 1341 ಅಂತಿದೆ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ಹಾಗಾಗಿ ನಾವು ಬಹಮನಿಗಿಂತ ಆರು ವರ್ಷ ಹಿರಿಯರು! ಇದು ಅಪ್ಪನ ಲೆಕ್ಕ. ಭಾಲ್ಕಿ ಕಡೆಯ ನಮ್ಮೂರಲ್ಲಿ ನಮ್ಮದೊಂದು ವಾಡೆ, ಅಂದರೆ ದೊಡ್ಡ ಜಮೀನ್ದಾರಿ ಮನೆ, ಇತ್ತು ಅನ್ನುವುದು ಇದರ ಬಾಲ. ಏಳುನೂರು ವರ್ಷದ ಕಾಗದ ಹೀಗೆ ಉಳಿಯುತ್ತಾ ಅಂತ ನಾನೊಮ್ಮೆ ಕೇಳಿದ್ದೆ. "ಆಗಿನ ಕಾಗದ ಗಟ್ಟಿ ಇರ್ತಿದ್ವು" ಅಂದರು.

ಕಳೆದ ಅಕ್ಟೋಬರ್‌ನಲ್ಲಿ ತಮ್ಮ ಹೈದರಾಬಾದಿನಿಂದ ಒಂದು ಕ್ಯಾರವಾನ್ ಬಾಡಿಗೆಗೆ ತಂದ. ಒಳಗೇ ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್, ಬಚ್ಚಲು. ಅಪ್ಪ, ಅಪ್ಪನ ಅಕ್ಕ ಅಂದರೆ ನಮ್ಮ ಅತ್ತಿ, ನಾನು, ತಮ್ಮ. ಎರಡು ದಿನ ಬೀದರ್ ನೋಡುವುದು, ಹಾಗೇ ಊರಿಗೆ ಹೋಗಿ ಮನೆತನದ ಬೇರು ಹುಡುಕುವುದು. ಎಂಬತ್ತರ ಹತ್ತಿರದ ಅತ್ತಿ ಒಳಗೆಲ್ಲ ಕಣ್ಣಾಡಿಸಿ, "ಒಲಿ ಮಗ್ಗಲಕ್ಕ ಸಂಡಾಸ? ಏನ್ ಬಂತಪಾ ಕಾಲ" ಅಂದರು. ಆಮೇಲೆ ಒಳ್ಳೆಯ ಹಾಸಿಗೆ ಹಿಡಿದು ಮಲಗಿಬಿಟ್ಟರು. ಹುಟ್ಟಿನಿಂದ ಕಲಬುರಗಿಯಲ್ಲಿದ್ದರೂ ಕೋಟೆಯೊಳಗಿನ ಜಾಮಿ ಮಸೀದಿ ನಾನು ಸರಿಯಾಗಿ ನೋಡಿರಲಿಲ್ಲ. ಹೊರಡುವಾಗ ಅಲ್ಲಿ ಅರ್ಧ ಗಂಟೆ ನಿಂತೆವು. 1367ರದು. ಬೇರೆ ಮಸೀದಿಗಳಿಗಿರುವ ಬಯಲು ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ. ಅಪ್ಪ ಒಂದು ಕಂಬ ತಟ್ಟಿ, "ನಮ್ಮ ಕಾಗದ ಇದಕ್ಕಿಂತ ಇಪ್ಪತ್ತಾರು ವರ್ಷ ದೊಡ್ಡದು" ಅಂದರು.

ದಾರಿಯಲ್ಲಿ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಹುಮನಾಬಾದಿನಲ್ಲಿ ಚಹಾ. ಬೀದರ್ ಹತ್ತಿರವಾದಂತೆ ಎರಿ ಮಣ್ಣು ಹೋಗಿ ಕೆಂಪು ಮಣ್ಣು ಬಂತು. ಕೋಟೆಯ ಗೋಡೆಯೂ ಅದೇ ಕೆಂಪು ಜಂಬಿಟ್ಟಿಗೆ ಕಲ್ಲು.

ಮೊದಲು ಮದರಸಾ ನೋಡಿದೆವು. ಇರಾನಿನ ಗಿಲಾನ್‌ನಿಂದ ಬಂದು ಬಹಮನಿಗಳ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮುಂದಿನ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ನೀಲಿ ಹಂಚು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ನನ್ನ ಮನಸ್ಸಿನಲ್ಲಿ ಕೂತದ್ದು ಮಾತ್ರ ಗವಾನನ ಸಾವು. ಆಗದವರು ಅವನ ಮೊಹರು ಒತ್ತಿದ ಖಾಲಿ ಹಾಳೆ ಸಂಪಾದಿಸಿ, ಅದರ ಮೇಲೆ ಸುಳ್ಳು ಪತ್ರ ಬರೆದರು. ಸುಲ್ತಾನ ನಂಬಿದ. 1481ರಲ್ಲಿ ತಲೆ ಹೋಯಿತು. ಇದನ್ನು ಹೇಳಿದಾಗ ಅಪ್ಪ ಚೀಲ ಮುಟ್ಟಿ ನೋಡಿಕೊಂಡರು. ಕಾಗದ ಅದರಲ್ಲೇ ಇತ್ತು.

ಚೌಬಾರಾ ಹತ್ತಿರ ಒಬ್ಬ ಹಿರಿಯರು ಹಳೆಯ ಉರ್ದು ಕಾಗದ ಓದಿಕೊಡುತ್ತಾರೆ ಅಂತ ಚಹಾದಂಗಡಿಯವನು ಹೇಳಿದ. ಮನೆಗೇ ಹೋದೆವು. ಚಾಚಾ ಕನ್ನಡಕ ಏರಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಇದು ಫಸಲಿ ಸನ್ ಅದ ನೋಡ್ರಿ. ಐನೂರಾ ತೊಂಬತ್ತು ಕೂಡಿಸ್ರಿ."

ತಮ್ಮ ಮೊಬೈಲ್‌ನಲ್ಲಿ ಕೂಡಿಸಿದ. 1931.

ನಿಜಾಮನ ಕಾಲದ ಕಂದಾಯದ ವರ್ಷ ಅದು. ಉರ್ದು ಆಗ ಸರಕಾರಿ ಭಾಷೆ, ಲೆಕ್ಕವೆಲ್ಲ ಫಸಲಿಯಲ್ಲಿ. ಅಜ್ಜ ಅಂಕಿ ಕಲಿಸಿದ್ದ, ಕೂಡಿಸುವುದನ್ನು ಕಲಿಸಿರಲಿಲ್ಲ. ಚಾಚಾ ಮುಂದೆ ಓದಿದರು. ಎಂಟು ಎಕರೆ ಹನ್ನೆರಡು ಗುಂಟೆ. ಭೂಮಿ ದೇಶಮುಖರದು, ನಮ್ಮಜ್ಜ ಕೌಲಿಗೆ, ಅಂದರೆ ಗೇಣಿಗೆ, ಮಾಡುವವನು. ಕೌಲಿನ ದುಡ್ಡು ಹಾಲಿ ರೂಪಾಯಿಯಲ್ಲಿ. "ಏಳು ಹಾಲಿ ಕೊಟ್ರ ಆರು ಕಲ್ದಾರ" ಅಂತ ಚಾಚಾ ನಿಜಾಮನ ದುಡ್ಡಿಗೂ ಬ್ರಿಟಿಷರ ದುಡ್ಡಿಗೂ ಇದ್ದ ಲೆಕ್ಕ ಬಿಡಿಸಿದರು. ಅಪ್ಪ ತಲೆ ಆಡಿಸಿದರು, ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಚಾಚಾ ದುಡ್ಡು ಮುಟ್ಟಲಿಲ್ಲ. ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಕೊಟ್ಟು, "ಮಡಚಬ್ಯಾಡ್ರಿ ಇನ್ನ" ಅಂದರು.

ಆ ರಾತ್ರಿ ಕ್ಯಾರವಾನ್‌ನಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಪ್ಪ ಒಂದೇ ರೊಟ್ಟಿ ತಿಂದರು. ನನಗೆ ನಗುವೂ ಬರುತ್ತಿತ್ತು, ಪಾಪ ಅನಿಸುತ್ತಲೂ ಇತ್ತು. ಅತ್ತಿಗೆ ಮೆಲ್ಲಗೆ ವಿಷಯ ಹೇಳಿದೆ. ಅವರು ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತ, "ಕೌಲಿನ ಹೊಲ ಅಂತ ನಂಗೊತ್ತಿತ್ತಲ್ಲ" ಅಂದರು.

"ಮತ್ತ ಹೇಳ್ಬೇಕಿಲ್ಲೇನು?" ಅಪ್ಪ ಸಿಟ್ಟಾದರು.

"ನೀ ಎಂದ ಕೇಳಿದಿ?"

ಮರುದಿನ ಊರು. ಒಳಗೆ ಕರೆಂಟ್ ತಂತಿ ತಲೆ ಮಟ್ಟಕ್ಕೇ ಜೋತಿದ್ದವು. ಗಾಡಿಯನ್ನು ಹಣಮಪ್ಪನ ಗುಡಿಯ ಪಕ್ಕ ತಿರುಗಿಸಲು ಹೋಗಿ ತಮ್ಮ ಬೋರಿನ ನೀರು ಹರಿದ ಎರಿ ಮಣ್ಣಿಗೆ ಇಳಿಸಿದ. ಹಿಂದಿನ ಗಾಲಿ ಅರ್ಧ ಮುಳುಗಿತು. ಟ್ರ್ಯಾಕ್ಟರ್ ಬರಲು ಒಂದು ಗಂಟೆ. ಅಷ್ಟರಲ್ಲಿ ಅರ್ಧ ಊರು ಅಲ್ಲೇ ಸೇರಿತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಬಚ್ಚಲು ನೋಡಿ ಇಳಿದರು. ಸುಮ್ನೆ ಕಾರಿನಲ್ಲಿ ಬಂದು ಹೋಗಿದ್ದರೆ ಇಷ್ಟು ಜನ ಮಾತಾಡಿಸುತ್ತಿರಲಿಲ್ಲ.

ಅತ್ತಿ ಮಾತ್ರ ಯಾರನ್ನೂ ಕೇಳದೆ ನಡೆದರು. ವಾಡೆ ನಿಜಕ್ಕೂ ಇತ್ತು, ಬಾಗಿಲ ಚೌಕಟ್ಟು ಮಾತ್ರ ಉಳಿದಿತ್ತು. ಅದರ ಹಿಂದೆ ಸುತ್ತಿ ಒಂದು ಖಾಲಿ ಜಾಗದಲ್ಲಿ ನಿಂತರು. ಹುಲ್ಲು, ಒಂದು ಮುರಿದ ಒಳಕಲ್ಲು. "ಎರಡು ಖಣದ ಮನಿ ಇತ್ತು. ಇಲ್ಲಿ ಎಮ್ಮಿ ಕಟ್ತಿದ್ವಿ. ನೀ ಇಲ್ಲೇ ಹುಟ್ಟಿದಿ." ಅಪ್ಪ ಸ್ವಲ್ಪ ಹೊತ್ತು ಒಳಕಲ್ಲಿನ ಕುಳಿಯಲ್ಲಿದ್ದ ಮಣ್ಣು ಕೆದರುತ್ತ ಕೂತರು. ಫೋಟೋ ತೆಗೆಯಲಾ ಅಂದೆ. ಬೇಡ ಅಂದರು. ಆಮೇಲೆ ಅವರೇ ಮೊಬೈಲ್ ತೆಗೆದರು.

ಗುಡಿಯ ಕಟ್ಟೆಯ ಮೇಲಿದ್ದ ಒಬ್ಬರು, "ಇನ್ನೂ ಹಿಂದಿಂದು ಬೇಕಂದ್ರ ಹೆಳವರ್ನ ಕೇಳ್ರಿ" ಅಂದರು. ಹೆಳವರು ಒಕ್ಕಲು ಮನೆಗಳ ವಂಶಾವಳಿ ಹೇಳುವವರು. ತಲೆಮಾರುಗಳ ಹೆಸರು ಅವರ ಹೊತ್ತಿಗೆಯಲ್ಲಿರುತ್ತದೆ. ಹೊಸ ಕೂಸು ಹುಟ್ಟಿದರೆ ಬರೆದುಕೊಂಡು, ಕಾಳು ಇಸಿದುಕೊಂಡು ಹೋಗುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು. ಈ ಊರಿನ ಹೆಳವನ ನಂಬರ್ ಮೊಬೈಲ್‌ನಲ್ಲೇ ಸಿಕ್ಕಿತು.

ಅಪ್ಪ ಸ್ಪೀಕರ್ ಹಾಕಿದರು. ಅಜ್ಜನ ಹೆಸರು ಹೇಳಿದಾಗ ಆ ಕಡೆ ಹಾಳೆ ತಿರುವುವ ಸದ್ದು. "ಅದಾರ್ರಿ. ಅವರಿಗಿ ಇಬ್ರು ಹೆಣ್ಮಕ್ಕಳು ಅಂತ ಬರ್ದಾದ. ಗಂಡಸು ಮಗ ಇಲ್ಲ. ನೀವ್ಯಾರು?"

ಅಪ್ಪ ಹುಟ್ಟುವ ಮೊದಲೇ ಆ ಮನೆಯ ಲೆಕ್ಕ ನಿಂತಿತ್ತು. ಆಮೇಲೆ ಬಂದ ಹೆಳವನಿಗೆ ಬಾಗಿಲು ಮುಚ್ಚಿದ ಮನೆ ಸಿಕ್ಕಿರಬೇಕು, ನಮ್ಮವರು ಕಲಬುರಗಿ ಸೇರಿದ್ದರು. ಅಪ್ಪ ತಮ್ಮ ಹೆಸರು ಹೇಳಿದರು, ನಮ್ಮಿಬ್ಬರದೂ ಹೇಳಿದರು. ಫೋನ್‌ನಲ್ಲಿ ಬರೆಯೋದಿಲ್ಲ, ರಾಶಿ ಮುಗಿದ ಮೇಲೆ ಮನೆಗೇ ಬರ್ತೀನಿ, ಒಂದು ಚೀಲ ಜೋಳ ಕೊಡಬೇಕು ಅಂದ ಆತ. ಅಪ್ಪ ಆಗಲಿ ಅನ್ನುವಷ್ಟರಲ್ಲಿ ಅತ್ತಿ ಫೋನ್ ಕಸಿದುಕೊಂಡರು.

"ಅರ್ಧ ಚೀಲ ಕೊಡ್ತೀವಿ. ನನ್ನ ಹೆಸರು ಮೊದಲೇ ಬರ್ದಾದಲ್ಲ?"